ಮೊಬೈಲ್ ಸಿಗ್ನಲ್ ಸಿಗದ ಕಡೆ ವಾಕಿಟಾಕಿ: ಆರಿಸುವುದು ಹೇಗೆ, ಹಂತ ಹಂತವಾಗಿ

ಪ್ಯಾಕಿನ ಮೇಲೆ '50 ಕಿಲೋಮೀಟರ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಕೊಂಡು ತಂದು, ಜಮೀನಿನ ಆಚೆ ಬದಿಗೆ ಹೋಗಿ ಬಟನ್ ಒತ್ತಿದರೆ ಬರೀ ಗರಗರ ಸದ್ದು. ಹಾಗಂತ ಪ್ಯಾಕಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಒಬ್ಬರು ಬೆಟ್ಟದ ತುದಿಯಲ್ಲಿ ನಿಂತು, ಇನ್ನೊಬ್ಬರು ಕೆಳಗಿನ ಬಯಲಿನಲ್ಲಿ ನಿಂತು, ನಡುವೆ ಏನೂ ಅಡ್ಡ ಇಲ್ಲದಿದ್ದರೆ ಅಷ್ಟು ದೂರ ಮಾತು ಹೋಗಬಹುದು. ಆದರೆ ನಾವು ಯಾರೂ ಹಾಗೆ ಬದುಕುವುದಿಲ್ಲ. ನಮ್ಮ ನಡುವೆ ಮರಗಳಿವೆ, ದಿಬ್ಬಗಳಿವೆ, ಕಟ್ಟಡಗಳಿವೆ.

ವಾಕಿಟಾಕಿ ಆರಿಸುವಾಗ ಹೆಚ್ಚಿನವರು ಕಂಪನಿ, ಮಾಡೆಲ್, ವಾಟ್ ಎಂದು ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಮೊದಲು ನೆಲ, ಆಮೇಲೆ ಕಾನೂನು, ಆಮೇಲೆ ಆಂಟೆನಾ. ಮಾಡೆಲ್ ಬರುವುದು ಕಡೆಗೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ.

ಶುರು ಮಾಡುವ ಮೊದಲೇ ಒಂದು ಎಚ್ಚರಿಕೆ

'ದೂರಕ್ಕೆ ಮಿತಿಯೇ ಇಲ್ಲ', 'ದೇಶದ ಯಾವ ಮೂಲೆಗೂ ಮಾತಾಡಿ' ಎಂದು ಮಾರುವ ಸೆಟ್‌ಗಳಿವೆ. ನೋಡಲು ವಾಕಿಟಾಕಿಯ ಹಾಗೇ ಇರುತ್ತವೆ. ಬ್ಯಾಟರಿ ತೆಗೆದು ನೋಡಿದರೆ ಒಳಗೆ ಸಿಮ್ ಕಾರ್ಡ್ ಹಾಕುವ ಜಾಗ ಕಾಣುತ್ತದೆ. ಇವು ಮೊಬೈಲ್ ನೆಟ್‌ವರ್ಕ್ ಮೇಲೆಯೇ ಓಡುತ್ತವೆ. ಮಾರುವವರು ಇದನ್ನು 'ಪಿಒಸಿ' ರೇಡಿಯೋ ಅಥವಾ '4ಜಿ ವಾಕಿಟಾಕಿ' ಎನ್ನುತ್ತಾರೆ. ಊರಿನಲ್ಲಿ ಡೆಲಿವರಿ, ಸೆಕ್ಯುರಿಟಿ ಕೆಲಸಕ್ಕೆ ಚೆನ್ನಾಗಿದೆ. ಟವರ್ ಸಿಗದ ಕಡೆ ಮಾತ್ರ ನಿಮ್ಮ ಮೊಬೈಲ್ ಕೈಕೊಟ್ಟ ಜಾಗದಲ್ಲೇ ಅದೂ ಕೈಕೊಡುತ್ತದೆ. ನಮಗೆ ಬೇಕಿರುವುದು ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡುವ ರೇಡಿಯೋ. ಕೊಳ್ಳುವಾಗ 'ಇದಕ್ಕೆ ಸಿಮ್ ಬೇಕಾ?' ಎಂದು ಒಂದು ಮಾತು ಕೇಳಿಬಿಡಿ.

ಹಂತ 1: ಯಾರು, ಎಲ್ಲಿಂದ, ಎಲ್ಲಿಗೆ

ಒಂದು ಕಾಗದ ತೆಗೆದುಕೊಳ್ಳಿ. ಮನೆ, ಪಂಪ್‌ಸೆಟ್, ದೂರದ ಹೊಲ, ದನ ಮೇಯುವ ಜಾಗ, ರಸ್ತೆಯ ತಿರುವು, ಪಕ್ಕದ ಮನೆ, ಹೀಗೆ ಜನ ನಿಜವಾಗಿ ನಿಲ್ಲುವ ಜಾಗಗಳನ್ನೆಲ್ಲ ಗುರುತು ಹಾಕಿ. ಯಾವ ಜಾಗದಿಂದ ಯಾವ ಜಾಗಕ್ಕೆ ಮಾತು ಬೇಕೋ ಅವುಗಳ ನಡುವೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೂ ಎರಡು ವಿಷಯ ಬರೆಯಿರಿ: ದೂರ ಎಷ್ಟು, ನಡುವೆ ಏನು ಅಡ್ಡ ಇದೆ.

ಗೂಗಲ್ ಅರ್ಥ್‌ನಲ್ಲಿ ಎರಡು ಜಾಗಗಳ ನಡುವೆ ಗೆರೆ ಎಳೆದರೆ ಆ ಗೆರೆಯ ಉದ್ದಕ್ಕೂ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತೋರಿಸುವ ಸೌಲಭ್ಯ ಇದೆ. ಅರ್ಧ ಗಂಟೆ ಇದರ ಮುಂದೆ ಕೂತರೆ ಹತ್ತು ಜಾಹೀರಾತು ಓದಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ. ಗೆರೆಯ ಮಧ್ಯದಲ್ಲಿ ದಿಬ್ಬ ಎದ್ದು ನಿಂತಿದ್ದರೆ ಅಲ್ಲೇ ನಿಮ್ಮ ತೊಂದರೆ ಇದೆ ಎಂದು ಅರ್ಥ. ಆ ದಿಬ್ಬದ ನೆತ್ತಿಯೇ ಮುಂದೆ ನಿಮಗೆ ಪರಿಹಾರವೂ ಆಗಬಹುದು. ಅದನ್ನು ಆಮೇಲೆ ನೋಡೋಣ.

ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳಿ: ಇದು ದಿನದ ಕೆಲಸಕ್ಕೋ, ಅಪಾಯದ ಹೊತ್ತಿಗೋ? ದಿನದ ಕೆಲಸಕ್ಕಾದರೆ ಆಗಾಗ ಮಾತು ತುಂಡಾದರೂ ನಡೆಯುತ್ತದೆ. ಹಾವು ಕಚ್ಚಿದಾಗ, ಟ್ರ್ಯಾಕ್ಟರ್ ಮಗುಚಿದಾಗ ನಡೆಯುವುದಿಲ್ಲ. ಅಂಥ ಹೊತ್ತಿಗೂ ಇದನ್ನೇ ನಂಬುವುದಾದರೆ ಅತಿ ಕಷ್ಟದ ಗೆರೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಸುಲಭದ್ದನ್ನಲ್ಲ.

ಹಂತ 2: ದೂರದ ಲೆಕ್ಕ ನೀವೇ ಹಾಕಿ

ವಾಕಿಟಾಕಿ ಬಳಸುವ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ. ಭೂಮಿ ಗುಂಡಗಿದೆ. ಹಾಗಾಗಿ ಸಮತಟ್ಟಾದ ಬಯಲಿನಲ್ಲೂ ಒಂದು ಹಂತದ ಆಚೆಗೆ ನೆಲವೇ ಅಡ್ಡ ಬರುತ್ತದೆ. ಇದಕ್ಕೊಂದು ಸುಲಭ ಸೂತ್ರ ಇದೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ನಲ್ಲಿ ದೂರ ಸಿಗುತ್ತದೆ. ಎರಡೂ ಕಡೆಯ ದೂರವನ್ನು ಕೂಡಿಸಬೇಕು.

ಕೈಯಲ್ಲಿ ಹಿಡಿದ ಸೆಟ್ ನೆಲದಿಂದ ಸುಮಾರು 1.5 ಮೀಟರ್ ಮೇಲಿರುತ್ತದೆ. ಒಬ್ಬರಿಗೆ 5 ಕಿಲೋಮೀಟರ್, ಇಬ್ಬರಿಗೂ ಸೇರಿ 10. ಒಂದು ಕಡೆಯ ಆಂಟೆನಾವನ್ನು 10 ಮೀಟರ್ ಕಂಬಕ್ಕೆ ಏರಿಸಿದರೆ ಆ ಕಡೆಯ ಪಾಲು 13 ಕಿಲೋಮೀಟರ್ ಆಗಿ, ಒಟ್ಟು 18ಕ್ಕೆ ಹೋಗುತ್ತದೆ. ಸೆಟ್ ಅದೇ, ವಾಟ್ ಅದೇ. ಬದಲಾಗಿದ್ದು ಎತ್ತರ ಮಾತ್ರ.

ಈ 10 ಕಿಲೋಮೀಟರ್ ಅನ್ನುವುದು ಮರ ಗಿಡ ಏನೂ ಇಲ್ಲದ ಬಯಲಿನ ಮೇಲ್ಮಿತಿ. ನಿಜ ಜೀವನದಲ್ಲಿ ಅಷ್ಟು ಬರುವುದಿಲ್ಲ. ಅದಕ್ಕೂ ಕಾರಣ ಇದೆ. ರೇಡಿಯೋ ಅಲೆ ದಾರದ ಹಾಗೆ ತೆಳ್ಳಗೆ ಹೋಗುವುದಿಲ್ಲ. ನಡುವಿನಲ್ಲಿ ಉಬ್ಬಿಕೊಂಡು ಹೋಗುತ್ತದೆ. 450 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ (ಅಲೆ ಎಷ್ಟು ಬೇಗ ಕಂಪಿಸುತ್ತದೆ ಎಂಬ ಅಳತೆ ಇದು) 5 ಕಿಲೋಮೀಟರ್ ದೂರಕ್ಕೆ ಮಾತಾಡುವಾಗ, ದಾರಿಯ ನಡುಮಧ್ಯದಲ್ಲಿ ಆ ಉಬ್ಬು ಗೆರೆಯ ಸುತ್ತ 29 ಮೀಟರ್‌ವರೆಗೂ ಹರಡಿರುತ್ತದೆ. ಅದರಲ್ಲಿ ಕಡೇಪಕ್ಷ ನೂರಕ್ಕೆ 60 ಪಾಲಾದರೂ, ಅಂದರೆ 17 ಮೀಟರ್‌ನಷ್ಟು, ಖಾಲಿ ಇದ್ದರೆ ಸಿಗ್ನಲ್ ಚೆನ್ನಾಗಿ ಹೋಗುತ್ತದೆ. ನೆಲದ ಮೇಲೆ ನಿಂತ ಇಬ್ಬರಿಗೆ ಅದು ಎಲ್ಲಿಂದ ಸಿಗಬೇಕು? ಹಾಗಾಗಿಯೇ ಎದುರಿನ ಮನೆ ಕಣ್ಣಿಗೆ ಕಾಣುತ್ತಿದ್ದರೂ ಮಾತು ಕೇಳಿಸದೆ ಇರುವುದುಂಟು.

ದಟ್ಟ ಮರಗಳು, ಏರುಪೇರು ನೆಲ ಇರುವ ಕಡೆ ಕೈ ಸೆಟ್‌ನಿಂದ ಕೈ ಸೆಟ್‌ಗೆ ಒಂದರಿಂದ ಮೂರು ಕಿಲೋಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳಿ. ಜಾಸ್ತಿ ಬಂದರೆ ಲಾಭ ಅಂದುಕೊಳ್ಳಿ.

ಹಂತ 3: ನಿಮ್ಮ ದೇಶದ ಕಾನೂನು ಏನು ಬಿಡುತ್ತದೆ

ಈ ಹಂತವನ್ನು ಜನ ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಯಾವ ಸೆಟ್ ಕೊಳ್ಳಬಹುದು ಅನ್ನುವುದನ್ನು ಅರ್ಧಕ್ಕರ್ಧ ಇದೇ ತೀರ್ಮಾನಿಸುತ್ತದೆ.

ಲೈಸೆನ್ಸ್ ಇಲ್ಲದೆ ಬಳಸಬಹುದಾದ ಚಾನೆಲ್‌ಗಳು ಒಂದೊಂದು ದೇಶದಲ್ಲಿ ಒಂದೊಂದು. ಯುರೋಪಿನಲ್ಲಿ ಪಿಎಂಆರ್446 ಎಂಬ ವ್ಯವಸ್ಥೆ ಇದೆ: 446.0ರಿಂದ 446.2 ಮೆಗಾಹರ್ಟ್ಸ್, ಅರ್ಧ ವಾಟ್, ಕಳಚಲು ಬಾರದ ಆಂಟೆನಾ. ಭಾರತದಲ್ಲೂ ಲೈಸೆನ್ಸ್ ಬೇಡದ ವಾಕಿಟಾಕಿಗೆ ಇದೇ 446.0–446.2 ಫ್ರೀಕ್ವೆನ್ಸಿ ಪಟ್ಟಿಯನ್ನು (ಬ್ಯಾಂಡ್) ಬಿಟ್ಟುಕೊಟ್ಟಿದ್ದಾರೆ. ಆದರೆ ಸೆಟ್‌ಗೆ ಸರ್ಕಾರದ ಮಾದರಿ ಒಪ್ಪಿಗೆ, ಅಂದರೆ ಆ ಮಾಡೆಲ್‌ಗೇ ಕೊಟ್ಟ ಒಪ್ಪಿಗೆ, ಇರಬೇಕು. ಅಮೆರಿಕದಲ್ಲಿ ಎಫ್‌ಆರ್‌ಎಸ್ ಎಂಬ 22 ಚಾನೆಲ್‌ಗಳಿವೆ. 2017ರಲ್ಲಿ ನಿಯಮ ಬದಲಾದ ಮೇಲೆ ಅವುಗಳಲ್ಲಿ ಹೆಚ್ಚಿನವಕ್ಕೆ 2 ವಾಟ್‌ವರೆಗೆ, 8ರಿಂದ 14ರವರೆಗಿನವಕ್ಕೆ ಅರ್ಧ ವಾಟ್ ಮಾತ್ರ. ಇಲ್ಲೂ ಆಂಟೆನಾ ಬದಲಿಸುವಂತಿಲ್ಲ. ಅಲ್ಲೇ ಜಿಎಂಆರ್‌ಎಸ್ ಲೈಸೆನ್ಸ್ ತೆಗೆದುಕೊಂಡರೆ ಕೆಲವು ಚಾನೆಲ್‌ಗಳಲ್ಲಿ 50 ವಾಟ್‌ವರೆಗೂ ಹೋಗಬಹುದು, ರಿಪೀಟರ್ (ಮಾತನ್ನು ಹಿಡಿದು ಮತ್ತೆ ಜೋರಾಗಿ ಬಿಡುವ ಪೆಟ್ಟಿಗೆ) ಇಡಬಹುದು. ಪರೀಕ್ಷೆ ಇಲ್ಲ. ಒಂದು ಲೈಸೆನ್ಸ್‌ಗೆ 10 ವರ್ಷ ಬಾಳಿಕೆ, ಅದರಲ್ಲೇ ಮನೆಯವರೆಲ್ಲ ಮಾತಾಡಬಹುದು. ಹಳ್ಳಿಗಾಡಿನ ಕುಟುಂಬಕ್ಕೆ ಇಷ್ಟು ಉಪಕಾರಿ ನಿಯಮ ಅಪರೂಪ.

ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಮರ್ಸ್ ಎಂಬ 5 ವಿಎಚ್‌ಎಫ್ ಚಾನೆಲ್‌ಗಳು (ವಿಎಚ್‌ಎಫ್, ಯುಎಚ್‌ಎಫ್ ಅಂದರೆ ಏನೆಂದು ಮುಂದಿನ ಹಂತದಲ್ಲಿದೆ). 2 ವಾಟ್, ಲೈಸೆನ್ಸ್ ಬೇಡ, ಹೊರಗಿನ ಆಂಟೆನಾವನ್ನು ನೆಲದಿಂದ 18 ಮೀಟರ್ ಎತ್ತರದವರೆಗೂ ಏರಿಸಬಹುದು. ಆಸ್ಟ್ರೇಲಿಯಾದಲ್ಲಿ 477 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ಸಿಬಿ (ಜನಸಾಮಾನ್ಯರ ಬಳಕೆಗೆ ಬಿಟ್ಟ ರೇಡಿಯೋ) ಇದೆ: 80 ಚಾನೆಲ್, 5 ವಾಟ್, ಹೊರಗಿನ ಆಂಟೆನಾಕ್ಕೂ ಅನುಮತಿ, ಸಾರ್ವಜನಿಕ ರಿಪೀಟರ್‌ಗಳೂ ಉಂಟು. 5 ಮತ್ತು 35ನೇ ಚಾನೆಲ್ ಅಪಾಯದ ಹೊತ್ತಿಗೆ ಮೀಸಲು.

ಒಂದು ದೇಶದಲ್ಲಿ ಕೊಂಡ ಸೆಟ್ ಇನ್ನೊಂದು ದೇಶದಲ್ಲಿ ಅಪರಾಧ ಆಗಬಹುದು. ಅಮೆರಿಕದ ಎಫ್‌ಆರ್‌ಎಸ್ ಸೆಟ್ ಬಳಸುವ 462 ಮತ್ತು 467 ಮೆಗಾಹರ್ಟ್ಸ್ ಬೇರೆ ದೇಶಗಳಲ್ಲಿ ಬೇರೆಯವರ ಪಾಲು. ಹಾಗೆಯೇ ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದಾದ, ಅಗ್ಗಕ್ಕೆ ಸಿಗುವ 5 ವಾಟ್ ಸೆಟ್‌ಗಳ ಆಸೆಗೆ ಬೀಳುವ ಮುಂಚೆ ಯೋಚಿಸಿ. ಅವು ಹೆಚ್ಚಾಗಿ ಹವ್ಯಾಸಿ ರೇಡಿಯೋ (ಹ್ಯಾಮ್) ಲೈಸೆನ್ಸ್ ಇರುವವರಿಗೆ. ಗೊತ್ತಿಲ್ಲದೆ ಪೊಲೀಸ್, ಆಂಬ್ಯುಲೆನ್ಸ್ ಅಥವಾ ವಿಮಾನದವರ ಮಾತಿನ ನಡುವೆ ನುಗ್ಗಿದರೆ ತಮಾಷೆ ಆಗಿರುವುದಿಲ್ಲ.

ಜಮೀನು ದೊಡ್ಡದು, ಕೆಲಸದವರು ಜಾಸ್ತಿ ಅಂದರೆ ವ್ಯಾಪಾರದ ಲೈಸೆನ್ಸ್ ತೆಗೆದುಕೊಳ್ಳುವುದು ಒಳ್ಳೆಯದು. ಕಾಗದಪತ್ರದ ಓಡಾಟ ಇದ್ದದ್ದೇ. ಆದರೆ ಹೆಚ್ಚು ವಾಟ್, ಎತ್ತರದ ಆಂಟೆನಾ, ಗದ್ದಲ ಕಡಿಮೆ ಇರುವ ಚಾನೆಲ್ ಸಿಗುತ್ತದೆ. ಹವ್ಯಾಸಿ ಲೈಸೆನ್ಸ್‌ಗೆ ಪರೀಕ್ಷೆ ಬರೆಯಬೇಕು, ಮಾತಾಡುವ ಪ್ರತಿಯೊಬ್ಬರಿಗೂ ಅದು ಇರಬೇಕು, ವ್ಯಾಪಾರದ ಮಾತು ಆಡುವಂತಿಲ್ಲ. ಮನೆಯಲ್ಲಿ ಒಬ್ಬರಿಗೆ ಆಸಕ್ತಿ ಇದ್ದರೆ ಸಾಲದು.

ಹಂತ 4: ವಿಎಚ್‌ಎಫ್ಫೋ ಯುಎಚ್‌ಎಫ್ಫೋ

ಕೈ ಸೆಟ್‌ಗಳು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಬರುತ್ತವೆ. ವಿಎಚ್‌ಎಫ್ ಅಂದರೆ 136ರಿಂದ 174 ಮೆಗಾಹರ್ಟ್ಸ್. ಯುಎಚ್‌ಎಫ್ ಅಂದರೆ 400ರ ಮೇಲೆ. ವಿಎಚ್‌ಎಫ್ ಅಲೆಯ ಉದ್ದ ಸುಮಾರು 2 ಮೀಟರ್, ಯುಎಚ್‌ಎಫ್‌ದು ಅದರ ಮೂರನೇ ಒಂದು ಪಾಲು.

ಉದ್ದದ ಅಲೆ ದಿಬ್ಬದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆಗೆ ಇಳಿಯುತ್ತದೆ. ಎಲೆಗಳಿಗೂ ಕಡಿಮೆ ಬಲಿಯಾಗುತ್ತದೆ. ಮಳೆಯಲ್ಲಿ ನೆನೆದ ಎಲೆಗಳು ಯುಎಚ್‌ಎಫ್ ಸಿಗ್ನಲನ್ನು ಚೆನ್ನಾಗಿಯೇ ನುಂಗುತ್ತವೆ. ಹಾಗಾಗಿ ತೆರೆದ ಹೊಲ, ಕಾಡು, ಏರಿಳಿತದ ನೆಲಕ್ಕೆ ವಿಎಚ್‌ಎಫ್ ಮೇಲು. ಸಣ್ಣ ಅಲೆ ಕಿಟಕಿ, ಬಾಗಿಲಿನ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ. ಕಾಂಕ್ರೀಟ್ ಕಟ್ಟಡ, ತಗಡಿನ ಶೆಡ್, ಗೋದಾಮು ಜಾಸ್ತಿ ಇದ್ದರೆ ಯುಎಚ್‌ಎಫ್ ಮೇಲು.

ಇದೆಲ್ಲ ಪುಸ್ತಕದ ಮಾತು. ನಿಜವಾಗಿ ಬಹಳ ದೇಶಗಳಲ್ಲಿ ಲೈಸೆನ್ಸ್ ಬೇಡದ ಪಟ್ಟಿ ಯುಎಚ್‌ಎಫ್‌ನಲ್ಲೇ ಇದೆ. ಆಯ್ಕೆಯೇ ಇರುವುದಿಲ್ಲ. ಆಯ್ಕೆ ಇದ್ದು, ನಿಮ್ಮ ಕಷ್ಟದ ಗೆರೆಯಲ್ಲಿ ಮರಗಳೇ ಜಾಸ್ತಿ ಇದ್ದರೆ ವಿಎಚ್‌ಎಫ್ ತೆಗೆದುಕೊಳ್ಳಿ. ಎರಡನ್ನೂ ಬೆರೆಸಬೇಡಿ. ವಿಎಚ್‌ಎಫ್ ಸೆಟ್ ಯುಎಚ್‌ಎಫ್ ಸೆಟ್ ಜತೆ ಮಾತಾಡುವುದಿಲ್ಲ.

27 ಮೆಗಾಹರ್ಟ್ಸ್‌ನ ಹಳೆಯ ಸಿಬಿ ರೇಡಿಯೋ ಬಗ್ಗೆಯೂ ಕೆಲವರು ಕೇಳುತ್ತಾರೆ. ಅಲೆಯ ಉದ್ದ 11 ಮೀಟರ್. ವಾಹನದ ಮೇಲೆ ಉದ್ದದ ಆಂಟೆನಾ ಹಾಕಿದರೆ ಚೆನ್ನಾಗಿ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಸೆಟ್‌ಗೆ ಅಷ್ಟು ಸರಿಹೋಗುವುದಿಲ್ಲ.

ಹಂತ 5: ವಾಟ್‌ಗೆ ಮರುಳಾಗಬೇಡಿ

2 ವಾಟ್ ಸೆಟ್‌ಗಿಂತ 5 ವಾಟ್ ಸೆಟ್ ಎರಡೂವರೆ ಪಟ್ಟು ದೂರ ಹೋಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಎರಡರ ನಡುವಿನ ವ್ಯತ್ಯಾಸ 4 ಡೆಸಿಬಲ್ (ಸಿಗ್ನಲ್ ಬಲ ಎಷ್ಟು ಏರಿತು, ಇಳಿಯಿತು ಎಂಬ ಅಳತೆ). ಸಿಗ್ನಲ್ ಬಲ ತೋರಿಸುವ ರೇಡಿಯೋ ಮೀಟರಿನ ಒಂದು ಗೆರೆಗೆ 6 ಡೆಸಿಬಲ್ ಲೆಕ್ಕ, ಅಂದರೆ ಇದು ಒಂದು ಗೆರೆಯೂ ಆಗಲಿಲ್ಲ. ಆಕಾಶದಂಥ ಖಾಲಿ ಜಾಗದಲ್ಲಿ ದೂರ ಎರಡು ಪಟ್ಟು ಆಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು. ನೆಲಕ್ಕೆ ಹತ್ತಿರ ಮಾತಾಡುವಾಗ ನೆಲದಿಂದ ಚಿಮ್ಮಿ ಬರುವ ಅಲೆ ನೇರವಾಗಿ ಬರುವ ಅಲೆಯ ಜತೆ ಕಚ್ಚಾಡುವುದರಿಂದ ಹತ್ತಿರ ಹತ್ತಿರ ಹದಿನಾರು ಪಟ್ಟು ಬೇಕಾಗುತ್ತದೆ. ಗುಡ್ಡ ಅಡ್ಡ ಇದ್ದರಂತೂ 5 ವಾಟ್ ಆದರೇನು, 10 ಆದರೇನು. ಜಾಸ್ತಿ ವಾಟ್‌ನಿಂದ ಖಚಿತವಾಗಿ ಆಗುವುದು ಒಂದೇ: ಬ್ಯಾಟರಿ ಬೇಗ ಖಾಲಿ.

ಆಂಟೆನಾ ಬೇರೆ ವಿಷಯ. ಅದು ಕಳುಹಿಸುವಾಗಲೂ ಕೇಳುವಾಗಲೂ ಎರಡೂ ಕಡೆ ಕೆಲಸ ಮಾಡುತ್ತದೆ. ಸೆಟ್ ಜತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಸಿಗ್ನಲ್‌ಗೆ ಅಲ್ಲ. ಅಲೆಯ ಕಾಲು ಭಾಗ ಉದ್ದದ ಆಂಟೆನಾ ಆಗಬೇಕೆಂದರೆ ವಿಎಚ್‌ಎಫ್‌ಗೆ ಸುಮಾರು 50 ಸೆಂಟಿಮೀಟರ್, ಯುಎಚ್‌ಎಫ್‌ಗೆ 16 ಸೆಂಟಿಮೀಟರ್. ಗಿಡ್ಡ ಆಂಟೆನಾದಿಂದ ಹೆಚ್ಚು ನಷ್ಟ ಆಗುವುದು ವಿಎಚ್‌ಎಫ್‌ನಲ್ಲೇ. ಕಾನೂನು ಬಿಟ್ಟರೆ, ಆಂಟೆನಾ ಬದಲಿಸಬಹುದಾದ ಸೆಟ್ ಆರಿಸಿ. ಆಂಟೆನಾ ಕೊಳ್ಳುವಾಗ ನಿಮ್ಮ ಪಟ್ಟಿಗೇ ಮಾಡಿದ್ದು ನೋಡಿ, ತಿರುಪಿನ ಗಂಡು ಹೆಣ್ಣು ಯಾವುದೆಂದು ಸೆಟ್ ಎದುರಿಗೆ ಇಟ್ಟುಕೊಂಡೇ ಹೊಂದಿಸಿ. ಒಂದೇ ಹೆಸರಿನ ತಿರುಪಿನಲ್ಲೂ ಎರಡು ಬಗೆ ಇವೆ, ಆನ್‌ಲೈನ್‌ನಲ್ಲಿ ತಪ್ಪಾಗಿ ಬರುವುದು ಮಾಮೂಲು.

ಆಂಟೆನಾ ಇಲ್ಲದೆ ಬಟನ್ ಒತ್ತಬೇಡಿ, ಸೆಟ್ ಸುಟ್ಟುಹೋಗುವ ಸಾಧ್ಯತೆ ಇದೆ.

ಹಂತ 6: ಎತ್ತರಕ್ಕೆ ದುಡ್ಡು ಹಾಕಿ

ಎರಡನೇ ಹಂತದ ಲೆಕ್ಕವನ್ನು ನೆನಪು ಮಾಡಿಕೊಳ್ಳಿ. ಹೊರಗಿನ ಆಂಟೆನಾಕ್ಕೆ ಕಾನೂನು ಬಿಟ್ಟರೆ, ಹಳ್ಳಿಗಾಡಿನಲ್ಲಿ ಹೆಚ್ಚಿನ ಮನೆಗಳಿಗೆ ಸರಿಹೋಗುವ ಜೋಡಣೆ ಹೀಗಿದೆ: ಮನೆಯಲ್ಲಿ ಒಂದು ಬೇಸ್ ಸ್ಟೇಷನ್ (ಒಂದೇ ಜಾಗದಲ್ಲಿ ಇಡುವ ಸೆಟ್), ಛಾವಣಿಯ ಮೇಲೆ ಅಥವಾ ಕಂಬದ ಮೇಲೆ ಹೊರಗಿನ ಆಂಟೆನಾ, ಓಡಾಡುವವರ ಕೈಯಲ್ಲಿ ಸಾಧಾರಣ ಸೆಟ್. ಹೊಲದಿಂದ ಹೊಲಕ್ಕೆ ಕೇಳಿಸದಿದ್ದರೂ ಮನೆಯಿಂದ ಇಬ್ಬರಿಗೂ ಕೇಳಿಸುತ್ತದೆ. ಮನೆಯಲ್ಲಿ ಇರುವವರು 'ಅವರು ಹೀಗೆ ಹೇಳಿದರು' ಎಂದು ದಾಟಿಸಿದರೆ ಆಯಿತು. ನಾಲ್ಕು ದುಬಾರಿ ಕೈ ಸೆಟ್‌ಗಳಿಗೆ ಹಾಕುವ ದುಡ್ಡಿನಲ್ಲಿ ಎರಡು ಸಾಧಾರಣ ಸೆಟ್ ಮತ್ತು ಒಂದು ಒಳ್ಳೆಯ ಹೊರ ಆಂಟೆನಾ ಬರುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ತೆಳ್ಳನೆಯ ಆರ್‌ಜಿ-58 ಕೇಬಲನ್ನು 30 ಮೀಟರ್ ಎಳೆದರೆ 450 ಮೆಗಾಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 10 ಡೆಸಿಬಲ್ ನಷ್ಟ. ಅಂದರೆ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಶಕ್ತಿ ಕೇಬಲಿನಲ್ಲೇ ಬಿಸಿಯಾಗಿ ಹೋಯಿತು. ಅದೇ ಉದ್ದಕ್ಕೆ ದಪ್ಪನೆಯ ಎಲ್‌ಎಂಆರ್-400 ಹಾಕಿದರೆ ನಷ್ಟ 3 ಡೆಸಿಬಲ್‌ಗಿಂತ ಕಡಿಮೆ. ಕೇಬಲ್ ಆದಷ್ಟು ಗಿಡ್ಡ ಇರಲಿ, ದಪ್ಪ ಇರಲಿ. ಹೊರಗಿನ ಜೋಡಣೆಗೆ ನೀರು ಇಳಿಯದ ಟೇಪ್ ಸುತ್ತಿ. ಕಂಬಕ್ಕೆ ಸರಿಯಾದ ಅರ್ಥಿಂಗ್, ಕೇಬಲಿಗೆ ಸಿಡಿಲು ತಡೆ ಹಾಕಿಸಿ. ಗುಡುಗು ಶುರುವಾಗುವ ಮುಂಚೆಯೇ ಕೇಬಲ್ ಕಳಚಿ ಮನೆಯ ಹೊರಗಿಡುವ ಅಭ್ಯಾಸ ಮಾಡಿಕೊಳ್ಳಿ. ಕರೆಂಟ್ ತಂತಿಯ ಹತ್ತಿರ ಕಂಬ ಎತ್ತಬೇಡಿ. ಕಂಬ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು.

ವಾಹನ ಇದ್ದರೆ ಅದರ ಲೋಹದ ಛಾವಣಿಯ ಮೇಲೆ ಅಯಸ್ಕಾಂತದ ಆಂಟೆನಾ ಇಡಬಹುದು. ಕಾರಿನೊಳಗೆ ಕೂತು ಕೈ ಸೆಟ್‌ನಲ್ಲಿ ಮಾತಾಡುವುದಕ್ಕೂ ಇದಕ್ಕೂ ತುಂಬ ಅಂತರ ಇದೆ, ಏಕೆಂದರೆ ಕಾರಿನ ತಗಡು ಸಿಗ್ನಲನ್ನು ಒಳಗೇ ಕಟ್ಟಿಹಾಕುತ್ತದೆ.

ಇನ್ನು ರಿಪೀಟರ್. ನಿಮ್ಮ ಗೆರೆಯ ನಡುವೆ ಎದ್ದು ನಿಂತಿದ್ದ ಆ ದಿಬ್ಬ ನೆನಪಿದೆ ಅಲ್ವಾ? ಅದರ ನೆತ್ತಿಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಎರಡೂ ಕಣಿವೆ ಅದಕ್ಕೆ ಕಾಣುತ್ತವೆ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳುತ್ತದೆ, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಮಾತು ಎರಡು ಕಣಿವೆಗೂ ಇಳಿಯುತ್ತದೆ. ಆದರೆ ಇದಕ್ಕೆ ಬೆಟ್ಟದ ಮೇಲೆ ವಿದ್ಯುತ್ ಬೇಕು, ಸೋಲಾರ್ ಮತ್ತು ಬ್ಯಾಟರಿ ಬೇಕು, ಹೆಚ್ಚಿನ ಕಡೆ ಲೈಸೆನ್ಸ್ ಬೇಕು, ಕೋತಿ ಕಳ್ಳರಿಂದ ಕಾಪಾಡಬೇಕು, ಕೆಟ್ಟಾಗ ಯಾರಾದರೂ ಹತ್ತಬೇಕು. ಒಂದೇ ಮನೆಗೆ ಇದು ಮೂಗಿಗಿಂತ ಮೂಗುತಿ ಭಾರ. ಹತ್ತಾರು ಮನೆ ಸೇರಿ ಹಾಕಿಸಿದರೆ ಲೆಕ್ಕ ಬೇರೆ.

ಹಂತ 7: ಅನಲಾಗ್, ಡಿಜಿಟಲ್, ಮತ್ತು 'ಪ್ರೈವಸಿ ಕೋಡ್'

ಅನಲಾಗ್‌ನಲ್ಲಿ ದೂರ ಹೋದ ಹಾಗೆ ಗರಗರ ಜಾಸ್ತಿಯಾಗುತ್ತದೆ, ಆದರೂ ಕಿವಿ ಅರ್ಧ ಮಾತನ್ನು ಹಿಡಿದುಕೊಳ್ಳುತ್ತದೆ. ಡಿಜಿಟಲ್‌ನಲ್ಲಿ ಕೊನೆಯವರೆಗೂ ಸ್ವಚ್ಛವಾಗಿ ಕೇಳಿ, ಇದ್ದಕ್ಕಿದ್ದಂತೆ ಕಡಿದುಹೋಗುತ್ತದೆ. ಡಿಎಂಆರ್ ಎಂಬ ಡಿಜಿಟಲ್ ಪದ್ಧತಿಯಲ್ಲಿ ಒಂದು ಚಾನೆಲನ್ನು ಎರಡು ಸರದಿಗಳಾಗಿ ಹಂಚುತ್ತಾರೆ. ಸೆಟ್ ಅರ್ಧ ಹೊತ್ತು ಮಾತ್ರ ಅಲೆ ಬಿಡುವುದರಿಂದ ಬ್ಯಾಟರಿ ಉಳಿಯುತ್ತದೆ. ದೊಡ್ಡ ಜಮೀನು, ಹತ್ತಿಪ್ಪತ್ತು ಸೆಟ್, ಬೇರೆ ಬೇರೆ ತಂಡ ಇದ್ದರೆ ಡಿಜಿಟಲ್ ಯೋಚಿಸಬಹುದು. ಮನೆ ಮಟ್ಟಕ್ಕೆ ಅನಲಾಗ್ ಸಾಕು. ಯಾವ ಕಂಪನಿಯ ಅನಲಾಗ್ ಸೆಟ್ ಆದರೂ ಫ್ರೀಕ್ವೆನ್ಸಿ, ಟೋನ್ (ಕೆಳಗೆ ಹೇಳುವ ಪ್ರೈವಸಿ ಕೋಡ್) ಮತ್ತು ಚಾನೆಲ್ ಅಗಲ ಹೊಂದಿದರೆ ಇನ್ನೊಂದರ ಜತೆ ಮಾತಾಡುತ್ತದೆ. ಡಿಜಿಟಲ್‌ನಲ್ಲಿ ಪದ್ಧತಿಯೂ ಒಂದೇ ಆಗಿರಬೇಕು.

ಪ್ರೈವಸಿ ಕೋಡ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ನಿಮ್ಮ ಮಾತಿನ ಜತೆ ಕಿವಿಗೆ ಬೀಳದ ಒಂದು ಸಣ್ಣ ಸ್ವರ ಹೋಗುತ್ತದೆ. ಆ ಸ್ವರ ಇಲ್ಲದ ಮಾತು ಬಂದರೆ ನಿಮ್ಮ ಸೆಟ್ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟೆ. ಕೋಡ್ ಹಾಕದ ಸೆಟ್ ಇರುವ ಯಾರು ಬೇಕಾದರೂ ನಿಮ್ಮ ಮಾತು ಕೇಳಬಹುದು. ಮನೆಯಲ್ಲಿ ಯಾರೂ ಇಲ್ಲ, ಕೀಲಿ ಇಲ್ಲಿದೆ ಎಂಬಂಥ ಮಾತು ವಾಕಿಟಾಕಿಯಲ್ಲಿ ಬೇಡ. ಇನ್ನೊಂದು ತೊಂದರೆಯೂ ಇದೆ. ಬೇರೆಯವರು ಸಹಾಯಕ್ಕೆ ಕೂಗುತ್ತಿದ್ದರೂ ಅವರ ಕೋಡ್ ಬೇರೆ ಇದ್ದರೆ ನಿಮಗೆ ಕೇಳಿಸುವುದಿಲ್ಲ. ಹಾಗಾಗಿ ಗದ್ದಲ ಇಲ್ಲದ ಕಡೆ ಕೋಡ್ ಹಾಕದೆ ಇರುವುದೇ ಲೇಸು.

ಹಂತ 8: ಬ್ಯಾಟರಿ, ನೀರು, ಧೂಳು

ಕಂಪನಿಯವರು '12 ಗಂಟೆ' ಎಂದರೆ ಹೆಚ್ಚಾಗಿ ಅದು 5-5-90 ಲೆಕ್ಕ: ನೂರು ಪಾಲಿನಲ್ಲಿ 5 ಪಾಲು ಹೊತ್ತು ಮಾತಾಡುವುದು, 5 ಪಾಲು ಕೇಳುವುದು, ಉಳಿದ 90 ಸುಮ್ನೆ ಕಾಯುವುದು. ನೀವು ಹರಟೆಮಲ್ಲರಾದರೆ ಅಷ್ಟು ಬರುವುದಿಲ್ಲ. ಮಾತಿಗೆ ಅಡ್ಡಿಯಾಗದ ಕಡೆಯೆಲ್ಲ ಕಡಿಮೆ ಪವರ್‌ನಲ್ಲಿ ಇಡಿ. ಪ್ರತಿ ಸೆಟ್‌ಗೂ ಒಂದು ಹೆಚ್ಚುವರಿ ಬ್ಯಾಟರಿ ಜತೆಗೇ ಕೊಳ್ಳಿ, ಮಾಡೆಲ್ ಹಳತಾದ ಮೇಲೆ ಸಿಗುವುದು ಕಷ್ಟ. ಕರೆಂಟ್ ಭರವಸೆ ಇಲ್ಲದ ಕಡೆ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಸೆಟ್ ಬಹಳ ಅನುಕೂಲ. ಪವರ್ ಬ್ಯಾಂಕ್, ಸಣ್ಣ ಸೋಲಾರ್ ಹಲಗೆ, ವಾಹನದ ಚಾರ್ಜರ್ ಎಲ್ಲವೂ ಆಗುತ್ತದೆ. ಸಾಮಾನ್ಯ ಪೆನ್‌ಟಾರ್ಚ್ ಸೆಲ್ ಹಾಕಬಹುದಾದ ಸೆಟ್‌ಗಳೂ ಇವೆ. ಅಪಾಯದ ಹೊತ್ತಿಗೆಂದು ಎತ್ತಿಡುವ ಸೆಟ್ ಅಂಥದ್ದಾದರೆ ಒಳ್ಳೆಯದು. ಎತ್ತಿಡುವಾಗ ಸೆಲ್ ಹೊರಗೆ ತೆಗೆದಿಡಿ, ಸೋರಿದರೆ ಸೆಟ್ ಹಾಳು. ಲಿಥಿಯಂ ಬ್ಯಾಟರಿಯಾದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಇಡಿ.

ಐಪಿ54 ಅಂದರೆ ಧೂಳು ಮತ್ತು ಎರಚಲು ನೀರಿಗೆ ಪರವಾಗಿಲ್ಲ. ಐಪಿ67 ಅಂದರೆ ಧೂಳು ಒಳಗೆ ಹೋಗದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಮಳೆಯಲ್ಲಿ ಕೆಲಸ ಮಾಡುವವರಿಗೆ ಎರಡನೆಯದು. ಬಟನ್‌ಗಳು ಒದ್ದೆ ಕೈಗೂ ಗ್ಲೌಸ್ ಹಾಕಿದ ಕೈಗೂ ಸಿಗುವಷ್ಟು ದೊಡ್ಡದಿರಲಿ. ಸ್ಪೀಕರ್ ಜೋರಿರಲಿ, ಟ್ರ್ಯಾಕ್ಟರ್ ಪಕ್ಕದಲ್ಲಿ ಕೇಳಿಸದಿದ್ದರೆ ಏನು ಪ್ರಯೋಜನ? ಚಾನೆಲ್ ಬದಲಾಗದಂತೆ ಲಾಕ್ ಮಾಡುವ ಸೌಲಭ್ಯ ಮಕ್ಕಳಿಗೂ ವಯಸ್ಸಾದವರಿಗೂ ಕೊಡುವ ಸೆಟ್‌ನಲ್ಲಿ ಇರಲೇಬೇಕು. ಬಣ್ಣದ ಪರದೆ, ಎಫ್‌ಎಂ ರೇಡಿಯೋ, ಬಾಯಿ ತೆರೆದರೆ ತಾನೇ ಆನ್ ಆಗುವ ಸೌಲಭ್ಯ, ಇವಕ್ಕೆ ನಾನು ಅಂಕ ಕೊಡುವುದಿಲ್ಲ. ಕೊನೆಯದಂತೂ ಗಾಳಿಗೂ ನಾಯಿ ಬೊಗಳಿದ್ದಕ್ಕೂ ಆನ್ ಆಗಿ ಚಾನೆಲ್ ಕಟ್ಟಿಹಾಕುತ್ತದೆ.

ಹಂತ 9: ಎರಡೇ ಕೊಂಡು ನೆಲದ ಮೇಲೆ ಪರೀಕ್ಷಿಸಿ

ಆರು ಸೆಟ್ ಬೇಕಿದ್ದರೂ ಮೊದಲು ಎರಡು. ವಾಪಸ್ ಕೊಡುವ ಅವಧಿ ಇರುವ ಕಡೆ ಕೊಳ್ಳಿ. ಮೊದಲ ಹಂತದಲ್ಲಿ ಬರೆದ ಕಾಗದ ಹಿಡಿದುಕೊಂಡು ಒಬ್ಬರು ಮನೆಯಲ್ಲಿ ನಿಲ್ಲಿ, ಇನ್ನೊಬ್ಬರು ಒಂದೊಂದೇ ಗುರುತಿನ ಜಾಗಕ್ಕೆ ಹೋಗಲಿ. ಪ್ರತಿ ಜಾಗದಲ್ಲೂ ಒಂದರಿಂದ ಹತ್ತರವರೆಗೆ ಎಣಿಸಿ. ಸ್ಪಷ್ಟ, ಗರಗರ, ಇಲ್ಲ ಎಂದು ಮೂರೇ ದರ್ಜೆಯಲ್ಲಿ ಬರೆದುಕೊಳ್ಳಿ. ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ಕೇಳಿಸುವುದು ಬೇರೆ, ಕೇಳಿಸುವಂತೆ ಹೇಳುವುದು ಬೇರೆ. ಸಾಧ್ಯವಾದರೆ ಎಲೆ ತುಂಬಿರುವ ಕಾಲದಲ್ಲಿ, ಮಳೆ ನಿಂತ ಮೇಲೆ ಪರೀಕ್ಷಿಸಿ. ಒಣ ಕಾಲದಲ್ಲಿ ಕಷ್ಟಪಟ್ಟು ಪಾಸಾದ ಗೆರೆ ಮಳೆಗಾಲದಲ್ಲಿ ಫೇಲಾಗುತ್ತದೆ.

ಪರೀಕ್ಷಿಸುವಾಗ ಸೆಟ್ ಹಿಡಿಯುವ ರೀತಿ ಸರಿ ಇರಲಿ. ಆಂಟೆನಾ ನೇರವಾಗಿ ಆಕಾಶಕ್ಕೆ, ಬಾಯಿಯಿಂದ ನಾಲ್ಕೈದು ಸೆಂಟಿಮೀಟರ್ ದೂರ. ಒಬ್ಬರ ಆಂಟೆನಾ ನಿಂತು ಇನ್ನೊಬ್ಬರದು ಮಲಗಿದ್ದರೆ ಸಿಗ್ನಲ್ ತುಂಬಾ ಕುಗ್ಗುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಸೆಟ್‌ನ ಸಿಗ್ನಲನ್ನು ನಮ್ಮ ಮೈಯೇ ನುಂಗುತ್ತದೆ. ಕೇಳಿಸದಿದ್ದರೆ ಎರಡು ಹೆಜ್ಜೆ ಅತ್ತಿತ್ತ ಸರಿಯಿರಿ, ಅಷ್ಟರಲ್ಲೇ ಬದಲಾಗುವುದುಂಟು.

'ಇಲ್ಲ' ಎಂದು ಬಂದ ಜಾಗ ಒಂದೋ ಎರಡೋ ಇದ್ದರೆ ಅಲ್ಲಿಗೆ ಹತ್ತಿರದ ಎತ್ತರದ ಜಾಗ ಹುಡುಕಿ, 'ಇಲ್ಲಿಂದ ಮಾತಾಡಿ' ಎಂದು ಗುರುತು ಮಾಡಿಬಿಡಿ. ಅರ್ಧಕ್ಕಿಂತ ಜಾಸ್ತಿ ಜಾಗ ಹಾಗೆ ಬಂದರೆ ಬೇರೆ ಮಾಡೆಲ್ ಹುಡುಕುತ್ತ ಕೂರಬೇಡಿ. ಆರನೇ ಹಂತಕ್ಕೆ ವಾಪಸ್ ಹೋಗಿ.

ಹಂತ 10: ಬಳಕೆಯ ಕಟ್ಟುಪಾಡು

ಮನೆಯವರೆಲ್ಲ ಕೂತು ಒಂದು ಮುಖ್ಯ ಚಾನೆಲ್, ಒಂದು ಬದಲಿ ಚಾನೆಲ್ ಗೊತ್ತು ಮಾಡಿ. ಅವನ್ನು ಪ್ರತಿ ಸೆಟ್‌ನ ಹಿಂದೆ ಬರೆದು ಅಂಟಿಸಿ. ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಮೊದಲು ನೀವು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮದು, ಮುಗಿದಾಗ 'ಓವರ್'. ಒಬ್ಬರು ಬಟನ್ ಒತ್ತಿರುವಾಗ ಇನ್ನೊಬ್ಬರ ಮಾತು ಅವರಿಗೆ ಕೇಳಿಸುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಒಬ್ಬರೇ ದೂರ ಹೋಗುವವರಿದ್ದರೆ ಮಾತಾಡುವ ಹೊತ್ತು ನಿಗದಿ ಮಾಡಿ, ಉದಾಹರಣೆಗೆ ಪ್ರತಿ ಗಂಟೆಯ ಶುರುವಿನಲ್ಲಿ ಐದು ನಿಮಿಷ. ಆ ಹೊತ್ತಿಗೆ ಎತ್ತರದ ಜಾಗ ಸೇರಿಕೊಂಡು ಸೆಟ್ ಆನ್ ಮಾಡಿದರೆ ಬ್ಯಾಟರಿಯೂ ಉಳಿಯುತ್ತದೆ. ಒಂದು ಕರೆ ತಪ್ಪಿದರೆ ಏನು, ಎರಡು ತಪ್ಪಿದರೆ ಏನು, ಹುಡುಕಲು ಯಾರು ಯಾವ ದಾರಿಯಲ್ಲಿ ಹೊರಡಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಲಿ.

ಮತ್ತೆ, ವಾಕಿಟಾಕಿ ಆಂಬ್ಯುಲೆನ್ಸ್‌ಗೆ ಕರೆ ಮಾಡುವುದಿಲ್ಲ. ಮಾತು ಹೋಗುವುದು ಇನ್ನೊಂದು ಸೆಟ್ ಇರುವಲ್ಲಿಗೆ ಮಾತ್ರ. ಹಾಗಾಗಿ ಆ ಇನ್ನೊಂದು ಸೆಟ್‌ಗಳಲ್ಲಿ ಒಂದಾದರೂ ಫೋನ್ ನಡೆಯುವ ಜಾಗದಲ್ಲಿ ಇರುವಂತೆ ನೋಡಿಕೊಳ್ಳಿ: ಲ್ಯಾಂಡ್‌ಲೈನ್ ಇರುವ ಮನೆ, ಸಿಗ್ನಲ್ ಸಿಗುವ ತಿರುವಿನ ಅಂಗಡಿ, ಮುಖ್ಯ ರಸ್ತೆಯ ಪಕ್ಕದ ನೆಂಟರು. ಅಂಥ ಜಾಗವೇ ಇಲ್ಲದಿದ್ದರೆ, ಮತ್ತು ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಒಂದು ಸಣ್ಣ ಸಾಧನ ಮನೆಯಲ್ಲಿರಲಿ. ಅನುಮತಿ ಎಂಬ ಮಾತನ್ನು ಇಲ್ಲೂ ಮರೆಯಬೇಡಿ, ಭಾರತ ಸೇರಿ ಕೆಲವು ದೇಶಗಳಲ್ಲಿ ಉಪಗ್ರಹ ಫೋನನ್ನು ಅನುಮತಿ ಇಲ್ಲದೆ ಇಟ್ಟುಕೊಂಡರೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತೀರಿ.